ಪೂಜೆಗೆ ಕೂತ ಮೂಗಿನ ಔಷಧಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅಣ್ಣನ ಮಗಳ ಕಣ್ಣುಗುಡ್ಡೆಗಳು ಮೇಲಕ್ಕೆ ಸೇರಿಕೊಂಡು, ಹಲ್ಲು ಕಚ್ಚಿ, ಕೈಕಾಲು ಸೆಟೆದು ಅದುರತೊಡಗಿದಾಗ ಅಮ್ಮ, ಅತ್ತಿಗೆ ಇಬ್ಬರೂ ಮಗುವನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಫಿಟ್ಸ್ ಬಂದರೆ ಮೊದಲು ಮಾಡಬೇಕಾದ ಕೆಲಸ ಅದೇ ಎಂದು ಡಾಕ್ಟರ್ ಹೇಳಿದ್ದರು. ಅವರು ಹೇಳಿಕೊಟ್ಟ ವಿಷಯಗಳಲ್ಲಿ ಆ ದಿನ ನಾನು ಸರಿಯಾಗಿ ಮಾಡಿದ್ದು ಅದೊಂದನ್ನೇ ಎಂದು ಸ್ವಲ್ಪ ಹೊತ್ತು ನಂಬಿದ್ದೆ. ಅದೂ ಸರಿಯಿರಲಿಲ್ಲ ಎಂಬುದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಮಗುವಿಗೆ ನಾಲ್ಕು ವರ್ಷ. ಅದಕ್ಕೆ ಮೊದಲ ಸಲ ಫಿಟ್ಸ್ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ, ಜ್ವರ ಏರಿದ್ದಾಗ. ತಾನಾಗಿಯೇ ಬೇಗ ನಿಂತಿತು. ಆದರೂ ಹೆದರಿ ಬೆಂಗಳೂರಿನ ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ದೊಡ್ಡವಳಾದಂತೆ ತಾನೇ ನಿಂತುಹೋಗುತ್ತದೆ, ಗಾಬರಿ ಬೇಡ ಎಂದರು ಅವರು. ಆದರೆ ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಔಷಧಿ ಕೊಟ್ಟು ನಿಲ್ಲಿಸಲೇಬೇಕು, ತಡವಾದಷ್ಟೂ ಅಪಾಯ. ಹಲ್ಲು ಕಚ್ಚಿಕೊಂಡ ಮಗುವಿಗೆ ಬಾಯಲ್ಲಿ ಏನನ್ನೂ ಹಾಕುವಂತಿಲ್ಲ. ಮನೆಯಲ್ಲಿ ಸೂಜಿ ಚುಚ್ಚುವವರು ಯಾರೂ ಇಲ್ಲ. ಉಳಿದದ್ದು ಎರಡು ದಾರಿ. ಒಂದು ಮೂಗು. ಇನ್ನೊಂದನ್ನು ಡಾಕ್ಟರ್ ಯಾವ ಸಂಕೋಚವೂ ಇಲ್ಲದೆ ಹೇಳಿದರು: 'ಹಿಂದಿನಿಂದ, ಗುದದ್ವಾರದೊಳಗೆ ಹಾಕೋದು. ಎರಡೂ ಚೆನ್ನಾಗಿ ಕೆಲಸ ಮಾಡುತ್ತೆ. ನಿಮಗೆ ಯಾವುದು ಅನುಕೂಲ?'

ಅಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. 'ಮೂಗಿಗೇ ಕೊಡಿ ಸ್ವಾಮಿ. ಹೆಣ್ಣುಮಗು. ನಾಳೆ ಯಾವುದೋ ಮದುವೆ ಮನೇಲೋ ಬಸ್ಸಲ್ಲೋ ಬಂತು ಅನ್ನಿ, ಎಲ್ಲರ ಮುಂದೆ ಚಡ್ಡಿ ಬಿಚ್ಚೋಕಾಗುತ್ತಾ?'

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಬಿ.ಫಾರ್ಮ ಓದಿದವನೆಂದು ಒಳಗೆ ಬರುವಾಗಲೇ ಹೇಳಿಕೊಂಡಿದ್ದೆ, ಅವರು ಕೇಳಿರಲಿಲ್ಲ. 'ಮೂಗೇ ಬೆಟರ್ ಸಾರ್' ಎಂದು ತಜ್ಞನಂತೆ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಅಮ್ಮನಷ್ಟೇ ನಾಚಿಕೆ. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಔಷಧಿ ಕೊಡುವ ದಾರಿಗಳನ್ನು ಹೇಳುವಾಗಲೂ ಆ ದಾರಿ ಬಂದ ಕೂಡಲೇ ನನಗೆ ಕೆಮ್ಮು ಬಂದಿತ್ತು.

ಡಾಕ್ಟರ್ ಬೆರಳುದ್ದದ ಸ್ಪ್ರೇ ಬಾಟಲಿಯೊಂದನ್ನು ಬರೆದುಕೊಟ್ಟರು. ಮಗುವಿನ ತೂಕಕ್ಕೆ ಎಷ್ಟು ಸಲ ಒತ್ತಬೇಕು, ಮಗುವನ್ನು ಹೇಗೆ ಪಕ್ಕಕ್ಕೆ ಮಲಗಿಸಬೇಕು, ಎಲ್ಲವನ್ನೂ ತೋರಿಸಿದರು. ಅತ್ತಿಗೆ ಬಾಯಿಪಾಠ ಮಾಡಿಕೊಂಡಳು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಆ ದಿನ ಸಂಜೆ ನಾನು ಮನೆಯವರನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದೆ. ನಮ್ಮದು ದೊಡ್ಡಬಳ್ಳಾಪುರ. ತಾತನ ಕಾಲಕ್ಕೆ ದೊಡ್ಡಬೆಳವಂಗಲದ ಕಡೆ ಹೊಲ. ಅಪ್ಪ ಊರಿಗೆ ಬಂದು ಮಗ್ಗ ಹಾಕಿದರು, ಈಗ ಅಣ್ಣ ನಡೆಸುತ್ತಾನೆ. ಮನೆಯ ಹಿಂದೆಯೇ ಶೆಡ್ಡು, ಒಳಗೆ ಸೀರೆ ನೇಯುವ ಪವರ್‌ಲೂಮು. ಹಗಲೂ ರಾತ್ರಿ ಅದರ ಸದ್ದು. ಈ ಮನೆಯಲ್ಲಿ ಕಾಲೇಜು ಮುಗಿಸಿದವನು ನಾನೊಬ್ಬನೇ. ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುತ್ತಾ ನಿಲ್ಲುವುದು ನನ್ನ ಕೆಲಸ. ಅಷ್ಟರಿಂದಲೇ ನೆಂಟರಿಷ್ಟರಲ್ಲಿ ಅರ್ಧ ಡಾಕ್ಟರ್ ಎಂಬ ಹೆಸರಿದೆ. ಅದನ್ನು ಉಳಿಸಿಕೊಳ್ಳಲು ಆಗಾಗ ಇಂಥ ಪಾಠಗಳು ಬೇಕಾಗುತ್ತವೆ.

'ಮೂಗಿನ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಅಡಿ, ಕಣ್ಣಿನ ರೆಪ್ಪೆಯ ಒಳಗೆ, ಇಲ್ಲೆಲ್ಲ ಒಂದು ತೆಳು ಒದ್ದೆ ಪೊರೆ ಇರುತ್ತೆ, ಲೋಳೆಪೊರೆ ಅಂತ' ಎಂದು ಶುರುಮಾಡಿದೆ. 'ಅದರ ಕೆಳಗೇ ಸಣ್ಣ ಸಣ್ಣ ರಕ್ತನಾಳ. ಹೊಟ್ಟೆಗೆ ಹೋದ ಔಷಧಿ ಜೀರ್ಣ ಆಗಿ, ಪಿತ್ತಜನಕಾಂಗ ದಾಟಿ, ಆಮೇಲೆ ರಕ್ತಕ್ಕೆ ಸೇರಬೇಕು. ಇಲ್ಲಿ ಆ ತಾಪತ್ರಯ ಇಲ್ಲ. ನೇರ ಒಳಗೆ.'

'ಅಂದ್ರೆ ಬೆಂಗಳೂರು ಟ್ರಾಫಿಕ್ಕಿಗೆ ಸಿಕ್ಕದೆ ನಮ್ಮ ಮಧುರೆ ಒಳದಾರೀಲಿ ನೆಲಮಂಗಲಕ್ಕೆ ಹೋದಂಗೆ' ಎಂದ ಅಣ್ಣ.

'ಹೂಂ ಅಣ್ಣ, ಹಂಗೇ.'

'ಅದನ್ನ ಹೇಳೋಕೆ ಇಷ್ಟೊತ್ತು ತಗೊಂಡೇನ್ಲಾ?'

ನಾನು ಬಿಡಲಿಲ್ಲ. ಶೆಡ್ಡಿನ ಧೂಳಿಗೆ ನನಗೆ ಸೀನು ಬರುತ್ತದೆ, ಅದಕ್ಕೊಂದು ಉಪ್ಪುನೀರಿನ ಸ್ಪ್ರೇ ಇಟ್ಟುಕೊಂಡಿದ್ದೇನೆ. ಅದನ್ನು ನನ್ನ ಮೂಗಿಗೇ ಒತ್ತಿ ತೋರಿಸಿದೆ. ಹನಿಯಾಗಿ ಬಿದ್ದರೆ ಗಂಟಲಿಗೆ ಇಳಿದುಹೋಗುತ್ತದೆ, ಮಂಜಿನಂತೆ ಹರಡಬೇಕು, ಇಡೀ ಗುಟ್ಟು ಇರುವುದು ತುದಿಯ ಆ ಸಣ್ಣ ತೂತಿನಲ್ಲಿ ಎಂದೆ. ಈ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಯಲ್ಲಿ, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಇವೆಲ್ಲ ನಮ್ಮ ಮನೆಯಲ್ಲಿ ಇನ್ನು ಮೇಲೆ ನಡೆಯಕೂಡದು ಎಂದು ಸಾರಿದೆ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, 'ಓದಿರೋರು ಕಣಪ್ಪ, ಹೇಳ್ತಾರೆ' ಎಂದು ಹೋದರು.

ಸ್ಪ್ರೇಗೆ ಟಿವಿ ಕಪಾಟಿನಲ್ಲಿ, ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಜಾಗವಾಯಿತು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಅದನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಆಮೇಲೆ ಆಯುಧಪೂಜೆ ಬಂತು.

ಮಗ್ಗದ ಮನೆಗಳಲ್ಲಿ ಆಯುಧಪೂಜೆ ದೊಡ್ಡ ಹಬ್ಬ. ಆ ದಿನ ಊರಿನ ಮಗ್ಗಗಳೆಲ್ಲ ನಿಲ್ಲುತ್ತವೆ. ಅಣ್ಣ ಮಗ್ಗಗಳನ್ನು ಒರೆಸಿ, ಎಣ್ಣೆ ಬಿಟ್ಟು, ಬಾಳೆಕಂದು ಕಟ್ಟುತ್ತಾನೆ. ಅಮ್ಮನ ಪೂಜೆ ಮನೆಯೊಳಗೆ. ದುಡಿಯುವ ವಸ್ತು ಯಾವುದಿದ್ದರೂ ಅಮ್ಮನ ಲೆಕ್ಕದಲ್ಲಿ ಆಯುಧವೇ. ಕತ್ತರಿ, ಲಾಳಿ, ಸ್ಪ್ಯಾನರು, ಈಳಿಗೆಮಣೆ, ಮಿಕ್ಸಿ, ಅಣ್ಣನ ಗೂಡ್ಸ್ ಆಟೋದ ಕೀ, ಬಿಪಿ ನೋಡುವ ಮಿಷನ್ನು ಎಲ್ಲವೂ ದೇವರ ಮುಂದಿನ ಮಣೆಯ ಮೇಲೆ ಸಾಲಾಗಿ ಕೂರುತ್ತವೆ. ಆ ಸಲ ಸಾಲಿನ ಕೊನೆಯಲ್ಲಿ ಮೂಗಿನ ಸ್ಪ್ರೇಯೂ ಕೂತಿತ್ತು.

'ಇದ್ಯಾಕಮ್ಮ ಇಲ್ಲಿ?' ಎಂದೆ.

'ಮಗು ಕಾಯೋ ಸಾಮಾನು. ಅದಕ್ಕಿಂತ ದೊಡ್ಡ ಆಯುಧ ಯಾವುದೋ ಈ ಮನೇಲಿ?'

ಅಮ್ಮ ಅದರ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. ಅತ್ತಿಗೆ, 'ಮುಚ್ಚಳ ಇರಲಿ ಬಿಡಿ ಅತ್ತೆ' ಎಂದಳು. ಅಮ್ಮ ಗಂಧ ತೇಯುತ್ತಲೇ ಹೇಳಿದರು: 'ನಿಮ್ಮ ಮಾವನೋರ ಅಪ್ಪ ದೇವರ ಮುಂದೆ ರುಮಾಲು ಬಿಚ್ಚಿಟ್ಟು ನಿಲ್ಲೋರು ಕಣಮ್ಮ. ಇದೇನು ಅವರಿಗಿಂತ ದೊಡ್ಡದಾ?'

ಎಲ್ಲರೂ ನಕ್ಕೆವು. ಅಮ್ಮ ಉಂಗುರದ ಬೆರಳಿನಲ್ಲಿ ಗಂಧ ತೆಗೆದು ಬಾಟಲಿಯ ನೆತ್ತಿಗೆ, ಅಂದರೆ ಆ ಸಣ್ಣ ತೂತಿನ ಮೇಲೆಯೇ ದಪ್ಪವಾಗಿ ಒತ್ತಿದರು. ಗಂಧದ ಮೇಲೆ ಕುಂಕುಮ. ಕುಂಕುಮದ ಮೇಲೆ ಸೇವಂತಿಗೆಯ ಒಂದು ಎಸಳು.

ನಾನು ಅಲ್ಲೇ ಇದ್ದೆ. ತುದಿಯ ಸಣ್ಣ ತೂತಿನ ಬಗ್ಗೆ ಮನೆಯವರನ್ನೆಲ್ಲ ಕೂರಿಸಿ ಉಪನ್ಯಾಸ ಕೊಟ್ಟವನು ಮಾರುದೂರದಲ್ಲಿ ನಿಂತಿದ್ದೆ. ಏನು ಮಾಡಿದೆ? ಫೋಟೋ ತೆಗೆದೆ. ಬೆಳಕು ಚೆನ್ನಾಗಿ ಬೀಳಲೆಂದು ದೀಪವನ್ನು ಸ್ವಲ್ಪ ಸರಿಸಿ ಇನ್ನೊಂದು ತೆಗೆದೆ. 'ವಿಜ್ಞಾನಕ್ಕೂ ಒಂದು ನಮಸ್ಕಾರ' ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಕಾರ್ಖಾನೆಯ ಗೆಳೆಯರಿಂದ ಕೈಮುಗಿದ ಚಿಹ್ನೆಗಳು ಬಂದವು. ಅವರೂ ಔಷಧಿಯವರೇ. ಬಾಟಲಿ ಬೋಳು ತಲೆಯಲ್ಲಿ ಕೂತಿರುವುದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಮಾರನೆಯ ದಿನ ಅಮ್ಮ ಹೂವು ತೆಗೆದು, ಮುಚ್ಚಳ ಹಾಕಿ, ಬಾಟಲಿಯನ್ನು ಮತ್ತೆ ಕಪಾಟಿಗೆ ಸೇರಿಸಿದರು. ಒಳಗಡೆ ಗಂಧ ಒಣಗತೊಡಗಿತು.

ಅದಾದ ಮೇಲೆ ಬಂದ ಭಾನುವಾರವೇ ಮೂರು ಗಂಟೆ ಹತ್ತು ನಿಮಿಷ. ಬೆಳಗ್ಗೆಯಿಂದ ಮಗುವಿಗೆ ಮೈ ಬಿಸಿ ಇತ್ತು. ಸಿರಪ್ ಕುಡಿಸಿ ಮಲಗಿಸಿದ್ದರು. ನಾನು ಪಕ್ಕದಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆ. ಅತ್ತಿಗೆ 'ಅಯ್ಯೋ, ಬಂತು' ಎಂದಳು. ಅವಳು ಕೂಗಲಿಲ್ಲ, ಬರಬಹುದೆಂದು ಕಾಯುತ್ತಿದ್ದವಳಂತೆ ತಗ್ಗಿದ ದನಿಯಲ್ಲಿ ಹೇಳಿದಳು. ಮಗುವನ್ನು ಪಕ್ಕಕ್ಕೆ ಹೊರಳಿಸಿ ತಲೆಯಡಿ ಟವೆಲ್ ಇಟ್ಟಳು. ಅವಳು ಅದನ್ನೆಲ್ಲ ಮಾಡುವಷ್ಟು ಹೊತ್ತೂ ನಾನು ಸೆಕೆಂಡಿನ ಮುಳ್ಳನ್ನು ನೋಡುತ್ತಾ ಗಟ್ಟಿಯಾಗಿ ನಿಮಿಷ ಎಣಿಸುತ್ತಿದ್ದೆ, ಸ್ಕೂಲಿನ ಓಟದ ಪಂದ್ಯದಲ್ಲಿ ವಿಷಲ್ ಹಿಡಿದ ಮೇಷ್ಟರ ಹಾಗೆ.

ಮಗುವಿನ ತುಟಿಯ ಸುತ್ತ ನೀಲಿ ಬಣ್ಣ ಕಾಣಿಸಿತು. ಬಾಯಂಚಿನಲ್ಲಿ ನೊರೆ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಪುಟ್ಟ ಹೆಬ್ಬೆರಳು. ಮುಷ್ಟಿಯ ಒಳಗೆ ಮಡಚಿಕೊಂಡು ಒಂದೇ ಸಮನೆ ಅದುರುತ್ತಿದ್ದದ್ದು.

'ಐದಾಯ್ತು' ಎಂದೆ.

'ಆಯ್ತಲ್ಲ, ಹಾಕಪ್ಪ ಮತ್ತೆ' ಎಂದಳು ಅತ್ತಿಗೆ.

ಕಪಾಟಿನಿಂದ ಬಾಟಲಿ ತಂದೆ. ಮುಚ್ಚಳ ಸುಲಭಕ್ಕೆ ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ಮಗುವಿನ ಮೂಗಿಗೆ ಹಿಡಿದು ಒತ್ತಿದೆ. ಒತ್ತುಗುಂಡಿ ಒಳಗೆ ಹೋಗಲೇ ಇಲ್ಲ. ಮತ್ತೆ ಒತ್ತಿದೆ. ಕಲ್ಲು. ತಿರುಗಿಸಿ ನೋಡಿದರೆ ತುದಿಯ ಮೇಲೆ ಹಳದಿ ಹೆಕ್ಕಳೆ, ಅದರ ನಡುವೆ ಅಚ್ಚುಕಟ್ಟಾಗಿ ಕೆಂಪು ಬೊಟ್ಟು. ಮುತ್ತೈದೆಯ ಹಣೆಯ ಹಾಗೆ ನನ್ನನ್ನೇ ನೋಡುತ್ತಿತ್ತು.

ಅಮ್ಮ ಅದನ್ನು ನೋಡಿದರು. ಅಮ್ಮ ನೋಡಿದ್ದನ್ನು ನಾನು ನೋಡಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

ಆಗ ತಣ್ಣಗಿನ ತಲೆ ಇದ್ದವನು ಬಿಸಿನೀರಿನಲ್ಲಿ ತುದಿ ಅದ್ದುತ್ತಿದ್ದನೇನೋ. ಅಥವಾ ಬಾಟಲಿ ಬಿಸಾಕಿ ಮಗುವನ್ನು ಎತ್ತಿಕೊಂಡು ಓಡುತ್ತಿದ್ದ. ಎಷ್ಟು ಸಲ ಮನಸ್ಸಿನಲ್ಲಿ ಆ ಕ್ಷಣಕ್ಕೆ ಹಿಂತಿರುಗಿ ಸರಿಯಾದದ್ದನ್ನು ಮಾಡಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ಮಾಡಿದ್ದು ಇಷ್ಟು: ಉಗುರಿನಿಂದ ಗಂಧ ಕೆರೆದೆ, ತೂತು ಕಾಣುತ್ತದೆಯೇ ಎಂದು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದೆ, ಎರಡೂ ಹೆಬ್ಬೆರಳು ಸೇರಿಸಿ ಇರುವ ಬಲವನ್ನೆಲ್ಲ ಹಾಕಿ ಒತ್ತಿದೆ. ಫಟ್ ಎಂದು ಸದ್ದಾಯಿತು. ತೂತು ಬಿಡಲಿಲ್ಲ. ಬಾಟಲಿಯ ಕುತ್ತಿಗೆ ಬಿಟ್ಟುಕೊಂಡು, ಒಳಗಿದ್ದ ಔಷಧಿ ಪಕ್ಕದಿಂದ ಚಿಮ್ಮಿ ನನ್ನ ಬಲಗಣ್ಣಿಗೆ ಬಿತ್ತು. ಉಳಿದದ್ದು ಅಂಗಿಯ ಮೇಲೆ.

ಕಣ್ಣಿನ ಒಳಪೊರೆಯೂ ಲೋಳೆಪೊರೆಯೇ ಎಂದು ಪಾಠ ಮಾಡಿದ್ದೆನಲ್ಲ. ಔಷಧಿ ಅದನ್ನು ಹುಡುಕಿಕೊಂಡು ಬಂದಿತ್ತು.

ಉರಿಗೆ ಕಣ್ಣು ಮುಚ್ಚಿಕೊಂಡು ನಾನು ಗೋಡೆ ತಡವುತ್ತಿದ್ದಾಗ ಅತ್ತಿಗೆ ಶೆಡ್ಡಿನ ಬಾಗಿಲಿಗೆ ಹೋಗಿ ಅಣ್ಣನಿಗೆ ಕೈಸನ್ನೆ ಮಾಡಿದಳು. ಮಗ್ಗದ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ದೂರದಿಂದ ಎಲ್ಲವನ್ನೂ ಕೈಯಲ್ಲೇ ಹೇಳುತ್ತಾರೆ. ಊಟಕ್ಕೆ ಬಾ ಎನ್ನಲು ಒಂದು ಸನ್ನೆ, ನೂಲು ಹರಿಯಿತು ಎನ್ನಲು ಒಂದು. ಇದಕ್ಕೆ ಸನ್ನೆ ಇರಲಿಲ್ಲ. ಅವಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದಳಂತೆ, ಅಷ್ಟೆ. ಅಣ್ಣ ಮಗ್ಗಗಳನ್ನು ಹಾಗೇ ಬಿಟ್ಟು ಓಡಿಬಂದ.

ಸೀರೆ ಸಾಗಿಸುವ ಗೂಡ್ಸ್ ಆಟೋ ಬಾಗಿಲಲ್ಲೇ ನಿಂತಿತ್ತು. ಸೀರೆಗಂಟುಗಳ ಮೇಲೆ ಅತ್ತಿಗೆ ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡು ಕೂತಳು. ಅಮ್ಮ ಬರಿಗಾಲಲ್ಲಿ ಹತ್ತಿದರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಓಡಿಬಂದು ಬೀಗದ ಕೈಗೊಂಚಲನ್ನು ಮಗುವಿನ ಮುಷ್ಟಿಗೆ ತುರುಕಲು ನೋಡಿದರು. ಅದು ಜಾರಿ ಕೆಳಗೆ ಬಿತ್ತು. ಯಾರೋ ಅದನ್ನು ಎತ್ತಿಕೊಂಡದ್ದು ಒಂದೇ ಕಣ್ಣಲ್ಲಿ ಮಸುಕಾಗಿ ಕಂಡಿತು. ನಾನು ಹಿಂದೆ ಕಂಬಿ ಹಿಡಿದು ನಿಂತೆ, ಆಟೋ ಹೊರಟಿತು.

ಮುಖ್ಯರಸ್ತೆಯ ನರ್ಸಿಂಗ್ ಹೋಮ್ ದೂರವೇನಲ್ಲ. ಆದರೆ ಅದಕ್ಕಿಂತ ಉದ್ದದ ದಾರಿಯಲ್ಲಿ ನಾನು ಇದುವರೆಗೆ ಹೋಗಿಲ್ಲ. ಅಮ್ಮ 'ಕಂದ, ಕಂದ' ಎನ್ನುತ್ತಿದ್ದರು. ಅಣ್ಣ ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಅತ್ತಿಗೆ ಮಗುವಿನ ಬಾಯಿಂದ ಸುರಿಯುವುದನ್ನು ಒರೆಸುತ್ತಲೇ ಇದ್ದಳು.

ಒಳಗೆ ಡಾಕ್ಟರ್ ಮೇಜಿನಿಂದ ಎದ್ದು ಬಂದರು. 'ಎಷ್ಟೊತ್ತಿಗೆ ಶುರುವಾಯ್ತು?'

ಈ ಪ್ರಶ್ನೆಗಾಗಿಯೇ ನಾನು ತಯಾರಾಗಿದ್ದೆ. 'ಮೂರು ಹತ್ತು' ಎಂದೆ, ಎದೆಯುಬ್ಬಿಸಿ.

ಡಾಕ್ಟರ್ ತಮ್ಮ ಗಡಿಯಾರ ನೋಡಿದರು. 'ಈಗ ಮೂರು ಹದಿನೈದು. ಐದು ನಿಮಿಷ ಆಯ್ತಾ?'

'ಇಲ್ಲ ಸಾರ್' ಎಂದಳು ಅತ್ತಿಗೆ. 'ನಮ್ಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಮಗ್ಗಕ್ಕೆ ಬರೋರು ಬೇಗ ಬರಲಿ ಅಂತ ಇಟ್ಟಿರೋದು. ಕಾಲು ಗಂಟೆ ಆಗಿದೆ.'

ಡಾಕ್ಟರ ಮುಖದ ಬಣ್ಣ ಬದಲಾಯಿತು. ಮನೆಯ ಗಡಿಯಾರ ಮುಂದಿರುವುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅದನ್ನು ನೋಡಿಯೇ ಹತ್ತು ನಿಮಿಷ ಕಳೆದು ಕಾರ್ಖಾನೆಗೆ ಹೊರಡುತ್ತೇನೆ. ಬೇಕಾದಾಗ ಮಾತ್ರ ನೆನಪಾಗಲಿಲ್ಲ.

ನರ್ಸ್ ಮಗುವಿನ ಕೈಯಲ್ಲಿ ನರ ಹುಡುಕಿದಳು. ಅದುರುತ್ತಿದ್ದ ಆ ಎಳೆ ಕೈಯಲ್ಲಿ ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಸಿಗಲಿಲ್ಲ. ಡಾಕ್ಟರ್ ಇಂಜೆಕ್ಷನ್ನಿನ ಔಷಧಿಯನ್ನು ಸಿರಿಂಜಿಗೆ ಎಳೆದು, ಸೂಜಿ ಕಿತ್ತು ಹಾಕಿ, ಅದರ ತುದಿಗೆ ಸಣ್ಣ ನಳಿಕೆ ಸೇರಿಸಿದರು. 'ಹಿಂದಿನಿಂದ ಕೊಡ್ತೀನಿ. ಬಟ್ಟೆ ಬಿಚ್ಚಿ.'

ಅದು ಬಾಗಿಲಿಗೆ ಪರದೆಯೂ ಇಲ್ಲದ ಕೋಣೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ಒಂದೇ ಎಳೆತಕ್ಕೆ ಮಗುವಿನ ಚಡ್ಡಿ ಬಿಚ್ಚಿದ್ದು ಅಮ್ಮ. ಬಿಚ್ಚಿದವರು ತಿರುಗಿ ನಿಂತು ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಹಿಡಿದು ಪರದೆ ಮಾಡಿದರು. 'ಆ ಕಡೆ ತಿರುಕ್ಕೊಂಡು ನಿಂತ್ಕೊಳ್ರಪ್ಪ. ನಿಮ್ಮ ಮನೇಲಿ ಮಕ್ಕಳಿಲ್ವಾ?' ಎಲ್ಲರೂ ತಿರುಗಿ ನಿಂತರು. ನಾನೂ ತಿರುಗಿ ನಿಂತೆ. ಅಮ್ಮ ನನಗೆ ಹೇಳಿರಲಿಲ್ಲ.

ಗೋಡೆಯ ಮೇಲೆ ಹಾಲೂಡಿಸುವ ತಾಯಿಯ ಚಿತ್ರವಿತ್ತು. ಅದನ್ನೇ ನೋಡುತ್ತಾ ನಿಂತೆ. ಹಿಂದೆ ಮಂಚದ ಕಬ್ಬಿಣ ಕಟಕಟ ಎನ್ನುತ್ತಿತ್ತು. ಅದು ಮಗು ಅದುರುವ ಸದ್ದು. ಆ ಸದ್ದು ಸ್ವಲ್ಪ ಸ್ವಲ್ಪವೇ ನಿಧಾನವಾಗುತ್ತಾ, ಬಿಟ್ಟು ಬಿಟ್ಟು ಬರುತ್ತಾ, ಕೊನೆಗೆ ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

'ಉಸಿರಾಟ ಚೆನ್ನಾಗಿದೆ' ಎಂದರು ಡಾಕ್ಟರ್.

ಆಗ ತಿರುಗಿದೆ. ಅತ್ತಿಗೆ ಮಗುವಿನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅವು ಬಿಡಿಸಿದ ಹಾಗೆ ಬಿಡಿಸಿಕೊಳ್ಳುತ್ತಿದ್ದವು. ಅಮ್ಮ ಇನ್ನೂ ಸೆರಗು ಹಿಡಿದುಕೊಂಡೇ ನಿಂತಿದ್ದರು. ಕೈ ಇಳಿಸಿ ಎಂದು ನರ್ಸ್ ಎರಡು ಸಲ ಹೇಳಬೇಕಾಯಿತು.

ಆಮೇಲೆ ನರ್ಸ್ ನನ್ನ ಕಡೆ ನೋಡಿದಳು. 'ನಿಮಗೂ ಫಿಟ್ಸ್ ಇದೆಯಾ ಸಾರ್?'

'ಇಲ್ಲಮ್ಮ. ಯಾಕೆ?'

ಅವಳು ನನ್ನ ಕೈ ತೋರಿಸಿದಳು. ಪಕ್ಕದ ಮನೆಯ ಅಜ್ಜಿಯ ಬೀಗದ ಕೈಗೊಂಚಲು ನನ್ನ ಬಲ ಮುಷ್ಟಿಯಲ್ಲಿತ್ತು. ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಂಡ ಆ ಯಾರೋ ನಾನೇ. ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಕೀಲಿಯ ಹಲ್ಲುಗಳೆಲ್ಲ ಮೂಡಿದ್ದವು.

'ಕಣ್ಣೇನಾಯ್ತು?' ಎಂದು ಕೇಳಿದರು ಡಾಕ್ಟರ್.

'ಮಗುವಿನ ಔಷಧಿ ನನ್ನ ಕಣ್ಣಿಗೆ ಬಿತ್ತು ಸಾರ್. ಲೋಳೆಪೊರೆಯಿಂದ ಹೀರಿಕೊಂಡಿರಬಹುದು. ನನಗೆ ಮಂಪರು ಬರಬಹುದಾ?'

'ಬರ್ತಿದೆಯಾ?'

'ಇಲ್ಲ.'

'ಹಂಗಾದ್ರೆ ಚೆನ್ನಾಗಿ ನೀರಲ್ಲಿ ತೊಳ್ಕೊಂಡು ಆ ಕಡೆ ಕೂತ್ಕೊಳ್ಳಿ. ಉರಿ ಕಡಿಮೆ ಆಗದಿದ್ರೆ ಹೇಳಿ.'

ಅಂದೇ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಪರೀಕ್ಷೆಗಳಾದವು. ಮಗುವಿಗೆ ಏನೂ ಆಗಿಲ್ಲ, ಸಮಯಕ್ಕೆ ನಿಂತಿತು ಎಂದರು. ಎಚ್ಚರವಾದ ಕೂಡಲೇ ಅದು ಕೇಳಿದ್ದು, 'ಚಿಕ್ಕಪ್ಪ, ನಿನ್ ಕಣ್ಣು ಯಾಕೆ ಟೊಮ್ಯಾಟೊ ಆಗಿದೆ?' ಬೇಸಿಗೆಯಲ್ಲಿ ನೋಡಿದ್ದ ಡಾಕ್ಟರೇ ಮತ್ತೆ ಬಂದರು. ಸ್ಪ್ರೇ ಏನಾಯಿತು ಎಂದು ಅವರು ಕೇಳಿದಾಗ ನಾವು ಮನೆಯವರೆಲ್ಲ ಒಟ್ಟಿಗೆ ನೆಲ ನೋಡಿದೆವು. ಕೊನೆಗೆ ಅಮ್ಮನೇ ಹೇಳಿದರು. 'ನಾನು ಅದಕ್ಕೆ ಗಂಧ ಇಟ್ಟುಬಿಟ್ಟೆ ಸ್ವಾಮಿ.'

ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ಹೊಸ ಬಾಟಲಿ ಬರೆದರು. ಅದರ ಕೆಳಗೆ ಇನ್ನೊಂದನ್ನೂ ಬರೆದರು, ಹಿಂದಿನಿಂದ ಹಾಕುವುದನ್ನು. 'ಒಂದು ಕೈಕೊಟ್ಟರೆ ಇನ್ನೊಂದು ಇರಲಿ.'

'ಕೊಡಿ ಕೊಡಿ' ಎಂದರು ಅಮ್ಮ. 'ಎಲ್ಲಿಂದ ಹೋದ್ರೇನು, ಒಳಗೆ ಹೋದ್ರೆ ಸರಿ.'

ಅಣ್ಣ ಅಮ್ಮನ ಮೇಲೆ ರೇಗಿದ್ದು ಮನೆಗೆ ಬಂದ ಮೇಲೆ. 'ಔಷಧಿಗೆಲ್ಲ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ?' ನಾನು ಮಧ್ಯೆ ಬಾಯಿ ಹಾಕಿ, 'ಹೋಗ್ಲಿ ಬಿಡಣ್ಣ, ಅಮ್ಮನಿಗೆ ಹೇಗೆ ಗೊತ್ತಾಗಬೇಕು' ಎಂದೆ, ಉದಾರವಾಗಿ.

ಅಣ್ಣ ನನ್ನ ಕಡೆ ತಿರುಗಿದ. 'ಅಮ್ಮಂಗೆ ಗೊತ್ತಾಗಲ್ಲ. ಫೋಟೋ ತೆಗೆದೋನು ನೀನಲ್ವೇನ್ಲಾ? ಅದೇನೋ ಬರೆದಿದ್ದೆ, ವಿಜ್ಞಾನಕ್ಕೆ ನಮಸ್ಕಾರ ಅಂತ. ಈಗ ಹೇಳು, ವಿಜ್ಞಾನ ಏನಂತೆ?'

ವಿಜ್ಞಾನಕ್ಕಿನ್ನೂ ಒಂದು ಕಣ್ಣು ಕೆಂಪಗಿತ್ತು.

ಆ ದಿನದಿಂದ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ನಿದ್ದೆ ಬರಿಸುವ ಔಷಧಿ ನೇರ ಕಣ್ಣಿಗೇ ಬಿದ್ದಿದ್ದ ನಾನಂತೂ ಮಾಡಲೇ ಇಲ್ಲ. ಮಗು ಚೆನ್ನಾಗಿ ಮಲಗುತ್ತಿತ್ತು; ಅದು ಮಲಗಿದ್ದನ್ನು ನಾವು ನಾಲ್ವರೂ ಸುತ್ತ ಕೂತು ನೋಡುತ್ತಿದ್ದೆವು. ಅದು ನಿದ್ದೆಯಲ್ಲಿ ಕಾಲು ಒದರಿದರೆ ನಾಲ್ವರೂ ಏಳುತ್ತಿದ್ದೆವು. ಒಮ್ಮೆ ಅದು ಸೀನಿದ್ದಕ್ಕೆ ನಾನು ಬಾಟಲಿಯ ಮುಚ್ಚಳ ತೆಗೆದುಬಿಟ್ಟಿದ್ದೆ. ಹೊಸ ಬಾಟಲಿ ಈಗ ಸ್ಟೀಲ್ ಡಬ್ಬಿಯಲ್ಲಿತ್ತು, ಮುಚ್ಚಳದ ಮೇಲೆ ನಾನೇ 'ಪೂಜೆಗಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ದಿನಕ್ಕೆ ಎಷ್ಟು ಸಲ ಅದನ್ನು ತೆರೆದು ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆನೋ. 'ನೋಡಿ ನೋಡಿ ನೀನೇ ಅದನ್ನ ಕೆಡಿಸ್ತೀಯ' ಎಂದಳು ಅತ್ತಿಗೆ. ಗಡಿಯಾರವನ್ನು ಅಣ್ಣ ಸರಿಯಾದ ಸಮಯಕ್ಕೆ ಇಟ್ಟ. ಕೆಲಸಕ್ಕೆ ಬರುವವರಿಗೆ ಇದನ್ನು ಹೇಳಲು ಮರೆತಿದ್ದ; ಅವರೆಲ್ಲ ಎಂದಿನ ಹೊತ್ತಿಗೇ ಬಂದರು, ನಮ್ಮ ಗಡಿಯಾರದ ಲೆಕ್ಕದಲ್ಲಿ ತಡವಾಗದೆ ಬಂದದ್ದು ಅದೇ ಮೊದಲು.

ಇನ್ನೊಂದು ತೊಂದರೆಯೂ ಇತ್ತು. ಮಗು ನರಳಿದರೆ ಕೇಳಿಸಲಿ ಎಂದು ಅಣ್ಣ ರಾತ್ರಿ ಪಾಳಿಯ ಮಗ್ಗ ನಿಲ್ಲಿಸಿಬಿಟ್ಟಿದ್ದ. ನಾವೆಲ್ಲ ಆ ಸದ್ದಿನಲ್ಲೇ ಹುಟ್ಟಿ ಬೆಳೆದವರು. ಕರೆಂಟು ಹೋಗಿ ಮಗ್ಗ ನಿಂತರೆ ನಮಗೆ ಎಚ್ಚರವಾಗುತ್ತದೆ. ಈಗ ರಾತ್ರಿಯಿಡೀ ಮೌನ. ಆ ಮೌನದಲ್ಲಿ ಫ್ರಿಜ್ಜಿನ ಗುಂಯ್ ಸದ್ದು, ನಾಯಿಯ ಊಳು, ನಮ್ಮ ನಮ್ಮ ಉಸಿರು, ಎಲ್ಲವೂ ನನಗೆ ಆ ಕಬ್ಬಿಣದ ಮಂಚದ ಕಟಕಟದಂತೆಯೇ ಕೇಳಿಸುತ್ತಿತ್ತು. ಕಾರ್ಖಾನೆಯಲ್ಲಿ ಹಗಲು ತೂಕಡಿಸಿ ಬೈಸಿಕೊಂಡೆ. ನೀರಿನಲ್ಲಿ ಮಾತ್ರೆ ಕರಗುವುದನ್ನು ನೋಡುತ್ತಾ ನಿಂತರೆ, ಕರಗುವಷ್ಟು ಹೊತ್ತಿನಲ್ಲಿ ಏನೇನಾಗಬಹುದು ಎಂಬ ಯೋಚನೆ ಬರುತ್ತಿತ್ತು.

ದೀಪಾವಳಿ ಹತ್ತಿರವಾಯಿತು. ಸೀರೆ ಅಂಗಡಿಯವರು ಅಣ್ಣನಿಗೆ ಫೋನಿನ ಮೇಲೆ ಫೋನು ಮಾಡಿದರು. ರಾತ್ರಿ ಮತ್ತೆ ಮಗ್ಗ ಹಾಕಲೇ ಎಂದು ಅಣ್ಣ ಅಮ್ಮನನ್ನು ಕೇಳಿದ, ಅತ್ತಿಗೆಯನ್ನು ಕೇಳಿದ.

'ಹಾಕಿ' ಎಂದಳು ಅತ್ತಿಗೆ. 'ಎಷ್ಟು ದಿನ ಹಿಂಗೆ ಕಾದು ಕೂರೋದು? ನಾನು ಅವಳ ಮೇಲೆ ಕೈ ಇಟ್ಕೊಂಡೇ ಮಲಗ್ತೀನಿ. ಅಲ್ಲಾಡಿದ್ರೆ ಕೈಗೆ ಗೊತ್ತಾಗುತ್ತೆ, ಕಿವಿಗೇ ಗೊತ್ತಾಗಬೇಕಾ?'

ಕಾವಲಿನ ಸರದಿ ಆ ರಾತ್ರಿ ನನ್ನದು. ಗೋಡೆಗೆ ಒರಗಿ, ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಇರುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟೆ. ಹಿಂದಿನ ಶೆಡ್ಡಿನಲ್ಲಿ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು. ಗೋಡೆ ಬೆನ್ನಿಗೆ ಹದವಾಗಿ ನಡುಗಿತು. ಅಷ್ಟು ಮಾತ್ರ ನೆನಪಿದೆ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅಮ್ಮ ಚಾಪೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅತ್ತಿಗೆಯ ಕೈ ಖಾಲಿ ದಿಂಬಿನ ಮೇಲಿತ್ತು. ಅಣ್ಣ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡೇ ಉರುಳಿದ್ದ. ಮಗು ನನ್ನ ಮುಂದೆ ಚಡ್ಡಿ ಉಲ್ಟಾ ಹಾಕಿಕೊಂಡು ನಿಂತು, ನನ್ನ ಮಡಿಲಿನ ಡಬ್ಬಿಯನ್ನು ಬೆರಳಿನಿಂದ ಟಣಟಣ ಬಡಿಯುತ್ತಿತ್ತು. ದೀಪಾವಳಿಗೆ ಮುಂಚಿನ ಗುರುವಾರ ಅದು.

'ಚಿಕ್ಕಪ್ಪ, ಎದ್ದೇಳು. ಹೊಟ್ಟೆ ಹಸೀತಿದೆ. ಎಲ್ಲರೂ ಮಲಗ್ಬಿಟ್ಟಿದ್ದಾರೆ.'